ಅತ್ತೆಯೊಡನೆ ಮೂರು ಗಂಟೆಯ ಆಕಾಶಯಾನ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತೇ ತಲೆ ನರೆಸಿಕೊಂಡವನು ನಾನು. ಯಾವ ಊರು ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂದು ಜನ ಕೇಳುತ್ತಾರೆ, ನಾನು ಹೇಳಿದ್ದನ್ನು ನಂಬುತ್ತಾರೆ. (ಮನೆಯಲ್ಲಿ ಕೇಳುವುದೂ ಇಲ್ಲ, ನಂಬುವುದೂ ಇಲ್ಲ.)

ಅತ್ತೆಯ ಅಕ್ಕ ಕಡಲಾಚೆಯ ನಗರದಲ್ಲಿ, ತಮ್ಮ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ತಂಗಿಯನ್ನೊಮ್ಮೆ ನೋಡಬೇಕು ಎಂದು ಹೇಳಿಕಳಿಸಿದರು. ನನ್ನ ಹೆಂಡತಿ ಕಾಲು ಮುರಿದುಕೊಂಡಿದ್ದಳು. ಹೀಗಾಗಿ ಅತ್ತೆಯನ್ನು ಕರೆದೊಯ್ಯುವ ಮಹಾಭಾಗ್ಯ ನನ್ನ ಪಾಲಿಗೆ ಬಂತು. ಟಿಕೆಟ್ ನೋಡಿ ಘೋಷಿಸಿದೆ: "ಬೆಳಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ತಲುಪ್ತೀವಿ. ಮೂರೇ ಗಂಟೆ!"

"ಅಷ್ಟು ದೂರಕ್ಕೆ ಮೂರೇ ಗಂಟೆನೇನ್ರೀ?"

"ವಿಮಾನ ಕಣೇ ಅದು, ನಿನ್ನ ತಮ್ಮನ ಸ್ಕೂಟರ್ ಅಲ್ಲ."

ಹೆಂಡತಿ ಮತ್ತೆ ಬಾಯಿ ತೆರೆದಳು. ಅತ್ತೆ ಕಣ್ಣಲ್ಲೇ ಗದರಿದರು. ನನ್ನ ವಿದ್ವತ್ತಿಗೆ ಸಂದ ಗೌರವ ಎಂದುಕೊಂಡೆ.

ವಿಮಾನ ಏರಿ ಮೂರು ಗಂಟೆ ಕಳೆದದ್ದೇ ತಡ, ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ಹೋಗಿ ನಿಂತೆ.

"ಇನ್ನೂ ಒಂಬತ್ತು ಗಂಟೆ ಇದೆ ಸರ್," ಎಂದಳು ಗಗನಸಖಿ. "ಟಿಕೆಟ್‌ನಲ್ಲಿ ಇಳಿಯೋ ಹೊತ್ತು ಅಂತ ಹಾಕಿರೋದು ಆ ಊರಿನ ಗಡಿಯಾರದ್ದು."

ಕೆಳಗೆ ಬರೀ ನೀರು. ಹೇಗೋ ಬಂದು ಸೀಟಿನಲ್ಲಿ ಬಿದ್ದೆ.

"ದಾರೀಲಿ ಸ್ವಲ್ಪ ತಡವಂತೆ, ಅತ್ತೆ."

"ಇಲ್ಲೂ ರೈಲ್ವೆ ಗೇಟ್ ಹಾಕ್ತಾರಾ?" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿದರು. "ಅಳಿಯಂದ್ರೇ, ನಾನು ಮಲಗೋ ಹೊತ್ತಿಗೆ ಅಕ್ಕ ಫೋನ್ ಮಾಡಿ, ಈಗ ಮಧ್ಯಾಹ್ನದ ಊಟ ಆಯ್ತು ಅಂತಾಳೆ. ಇದು ಎಷ್ಟು ದೂರದ ದಾರಿ ಅಂತ ನಂಗೆ ಗೊತ್ತಿರಲ್ವಾ?"

"ಮತ್ತೆ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬರ್ತಿದ್ರಾ? ಲಿಫ್ಟ್ ಬಾಗಿಲು ಮುಚ್ಚಿದ್ರೇ ಬೆವರೋರು ನೀವು. ನನ್ನೊಬ್ಬಳನ್ನೇ ನಿಮ್ಮ ಹೆಂಡ್ತಿ ಕಳಿಸ್ತಿರಲಿಲ್ಲ. ನಂಗೆ ಅಕ್ಕನ್ನ ನೋಡಬೇಕಿತ್ತು."

ಅಷ್ಟರಲ್ಲಿ ವಿಮಾನ ಕುಲುಕಿತು. ಅತ್ತೆಯ ಕೈ ಹಿಡಿದವನು ಇಳಿಯುವ ತನಕ ಬಿಡಲಿಲ್ಲ. (ಮದುವೆಯಲ್ಲಿ ಅವರ ಮಗಳ ಕೈಯನ್ನೂ ಅಷ್ಟು ಗಟ್ಟಿಯಾಗಿ ಹಿಡಿದ ನೆನಪಿಲ್ಲ.)

ಅಕ್ಕ ಗುರುತು ಸಿಗದಷ್ಟು ಸೊರಗಿದ್ದರು. ಅತ್ತೆ ಚಪ್ಪಲಿ ಬಿಟ್ಟವರೇ ಮಂಚದ ಅಂಚಿನಲ್ಲಿ ಕೂತು, ಅವರ ಕೆದರಿದ ಕೂದಲು ಬಾಚತೊಡಗಿದರು.

"ಮೆಲ್ಲಗೆ ಕಣೇ, ನೋಯತ್ತೆ."

"ನಾನು ಚಿಕ್ಕೋಳಿದ್ದಾಗ ನೀನು ನನ್ನ ಜಡೆ ಹೀಗೇ ಎಳೀತಿದ್ದೆ. ಅನುಭವಿಸು."

ಇಬ್ಬರೂ ನಕ್ಕರು. ನಗುತ್ತಲೇ ಅಳತೊಡಗಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಹೊರಡುವ ದಿನ ಬಂತು. ಅತ್ತೆ ಪೆಟ್ಟಿಗೆ ಕಟ್ಟಲೇ ಇಲ್ಲ. "ಅಕ್ಕನ್ನ ಬಿಟ್ಟು ಬರಲ್ಲ. ನೀವು ಹೊರಡಿ."

"ನಾನೊಬ್ನೇನಾ?"

"ವಿಮಾನದೋರಿಗೆ ಎಲ್ಲಾ ಹೇಳಿಸಿದೀನಿ, ಧೈರ್ಯವಾಗಿ ಹೋಗಿ."

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಗಾಲಿಕುರ್ಚಿ ಹಿಡಿದು ಕಾಯುತ್ತಿದ್ದಳು.

"ಒಬ್ಬರನ್ನೇ ಬಿಟ್ಟರೆ ಗಾಬರಿಯಾಗೋ ಹಿರಿಯರು ನೀವೇ ಅಲ್ವಾ ಸರ್?"

ಅತ್ತ ಇತ್ತ ನೋಡಿದೆ. ಪರಿಚಯದವರು ಯಾರೂ ಇರಲಿಲ್ಲ.

ಕೂತುಕೊಂಡೆ.