ಎದುರು ಮೇಜಿನ ‘ಪ್ರಾಬೆಬಿಲಿಟಿ’

ಬಿ.ಸಿ.ರೋಡಿನ ನಮ್ಮ ಟೈಪಿಂಗ್ ಅಂಗಡಿಯಲ್ಲಿ ಎದುರು ಮೇಜಿನವಳಿಗೆ ಒಂದು ಅಭ್ಯಾಸ. ಗಿರಾಕಿ ಕುಳಿತುಕೊಳ್ಳುವ ಮೊದಲೇ ‘ಇನ್ ಆಲ್ ಪ್ರಾಬೆಬಿಲಿಟಿ’ ಎಂದು ಟೈಪ್ ಮಾಡಿ, ಆಮೇಲೆ “ಹೇಳಿ, ಏನು ವಿಷಯ?” ಎನ್ನುವಳು. ಹೆಚ್ಚುಕಡಿಮೆ ಖಂಡಿತ, ಆದರೆ ಆಣೆ ಹಾಕುವಷ್ಟಲ್ಲ ಎಂದು ಅದರ ಅರ್ಥ. ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ, ನಾನು ಕಾನ್ವೆಂಟಿನಲ್ಲಿ. ಗಿರಾಕಿಗಳ ಸಾಲು ಮಾತ್ರ ಅವಳ ಮುಂದೆ! ಮೂಡುಬಿದಿರೆಯ ಹುಡುಗನೊಬ್ಬ ನನ್ನನ್ನು ನೋಡಿಹೋಗಿ ತಿಂಗಳಾಗಿತ್ತು, ಉತ್ತರವಿರಲಿಲ್ಲ. ಹಾಗಾಗಿ ಅವಳನ್ನು ನೋಡಿ ಉರಿದುಕೊಳ್ಳುವುದೊಂದೇ ನನಗಿದ್ದ ಕೆಲಸ. ಅದಕ್ಕೆ ವಾರಕ್ಕೊಂದು ಕಾರಣವನ್ನಾದರೂ ಅವಳು ಒದಗಿಸುತ್ತಿದ್ದಳು.

ಅಜ್ಜಿ

ಪುಂಜಾಲಕಟ್ಟೆಯ ಮೇಷ್ಟ್ರೊಬ್ಬರ ರಜೆ ಅರ್ಜಿ. ‘ಅಜ್ಜಿ ಇನ್ ಆಲ್ ಪ್ರಾಬೆಬಿಲಿಟಿ ಮಂಗಳವಾರ ತೀರಿಕೊಳ್ಳುವರು’ ಎಂದು ಬರೆದುಕೊಟ್ಟಳು. ರಜೆ ಸಿಕ್ಕಿತು. ಬುಧವಾರ ಮೇಷ್ಟ್ರು ಮತ್ತೆ ಹಾಜರು.

“ಅಜ್ಜಿ ಎದ್ದು ಕೂತು ಗಂಜಿ ಕೇಳ್ತಾ ಉಂಟು. ಇನ್ನೆರಡು ದಿನ ಮುಂದೆ ಹಾಕಿ ಕೊಡಿ ಮಾರಾಯ್ತಿ. ಮಾತು ಅದೇ ಇರಲಿ!”

ಬೆಂಚು

ಒಮ್ಮೆ ಅವಳು ಊಟಕ್ಕೆ ಹೋದಾಗ ಮುಂಡಾಜೆಯ ಬ್ಯಾರಿ ಹೆಂಗಸೊಬ್ಬರು ನನ್ನೆದುರು ಕುಳಿತರು. ಮಗ ದುಬೈಯಲ್ಲಿ, ತಂಗಿಯ ಮದುವೆಗೆ ಅವನಿಗೆ ರಜೆ ಬೇಕು. ನಾನು ಕಂಪನಿಗೆ ಬರೆದು, ಕನ್ನಡದಲ್ಲಿ ಓದಿ ಹೇಳಿದೆ: ‘ಮದುವೆ ಮುಂದಿನ ತಿಂಗಳು ನಡೆಯುತ್ತದೆ.’

“ಅಯ್ಯೋ ಮಗಳೇ, ನಡೆಯುತ್ತದೆ ಅಂತ ಹೇಳಲಿಕ್ಕೆ ನಾವು ಯಾರು? ಅವಳದ್ದು ಒಂದು ಮಾತು ಉಂಟಲ್ಲ, ಅದು ಹಾಕು.”

ಹಾಕಲಿಲ್ಲ. ಅವರು ಎದ್ದುಹೋಗಿ ಎದುರಿನ ಬೆಂಚಿನಲ್ಲಿ ಕುಳಿತರು. ಅವತ್ತು ಅವಳು ಊಟ ಮುಗಿಸಿ ಬಂದದ್ದು ಮೂರು ಗಂಟೆಗೆ.

ಉತ್ತರ

ಕೊನೆಗೂ ಮೂಡುಬಿದಿರೆಯಿಂದ ಪತ್ರ ಬಂತು. ಹುಡುಗ ಬ್ಯಾಂಕಿನವ, ಆದ್ದರಿಂದ ಪತ್ರವೂ ಇಂಗ್ಲಿಷಿನಲ್ಲಿ.

“ಓದು,” ಎಂದರು ಅಪ್ಪ. “ಕಾನ್ವೆಂಟಿಗೆ ಕಳಿಸಿದ್ದು ಇದಕ್ಕೇ.”

ಓದಿದೆ: ‘ಇನ್ ಆಲ್ ಪ್ರಾಬೆಬಿಲಿಟಿ ಹುಡುಗನಿಗೆ ಹುಡುಗಿ ಒಪ್ಪಿಗೆ.’

ಇದು ಎದುರು ಮೇಜಿನ ಮಾತೇ. ಕಳೆದ ವಾರ ನಾನು ಜ್ವರದಲ್ಲಿ ಮಲಗಿದ್ದಾಗ ಹುಡುಗನ ಕಡೆಯವರು ನಮ್ಮ ಅಂಗಡಿಗೇ ಬಂದಿದ್ದಾರೆ!

“ಒಪ್ಪಿಗೆಯೋ ಅಲ್ಲವೋ?” ಎಂದರು ಅಪ್ಪ.

ಕಾನ್ವೆಂಟಿನಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಮರುದಿನ, ನಾಚಿಕೆ ನುಂಗಿಕೊಂಡು, ನಾನೇ ಹೋಗಿ ಅವಳ ಸಾಲಿನಲ್ಲಿ ನಿಂತೆ. ಸರದಿ ಬಂದಾಗ ಮೆಲ್ಲಗೆ ಕೇಳಿದೆ:

“ಆ ಮಾತು ಹುಡುಗ ಹೇಳಿದ್ದೋ, ನೀನೇ ಹಾಕಿದ್ದೋ? ಅದೊಂದು ಹೇಳು ಮಾರಾಯ್ತಿ.”

ಅವಳು ತಲೆ ಎತ್ತಲಿಲ್ಲ. ಹೊಸ ಕಾಗದ ಸಿಕ್ಕಿಸಿ ಆಗಲೇ ಶುರು ಮಾಡಿದ್ದಳು: ‘ಇನ್ ಆಲ್...’