ಫ್ಯಾನಿಲ್ಲದ ಲ್ಯಾಪ್‌ಟಾಪೂ ಲಿಲ್ಲಿಯ ಮೊಣಕಾಲೂ

ಯಾರಾದರೂ ಒಂದು ಮಾತನ್ನು ಖಚಿತವಾಗಿ ಹೇಳಿದ ಕೂಡಲೇ ಅದು ಸುಳ್ಳೆಂದು ತೋರಿಸುವ ಆಸೆ ಹುಟ್ಟುವುದು ನನ್ನ ಜಾಯಮಾನ. ಶಾಲೆಯನ್ನು ಬೇಗನೆ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ ಬೆಳೆದವನಿಗೆ ಇದೊಂದೇ ಪದವಿ. ಮಣಿಪಾಲದ ಅಂಗಡಿಯಾತ ತೆಳ್ಳಗಿನ ಲ್ಯಾಪ್‌ಟಾಪನ್ನು ನೀರುದೋಸೆಯಂತೆ ಅಂಗೈಯ ಮೇಲಿಟ್ಟು, "ಇದಕ್ಕೆ ಫ್ಯಾನೇ ಇಲ್ಲ ಸರ್, ಆದ್ರೂ ಬಿಸಿ ಆಗುದಿಲ್ಲ. ಬ್ಯಾಟರಿ ಬೆಳಗ್ಗಿಂದ ರಾತ್ರಿವರೆಗೆ ಬರ್ತದೆ" ಎಂದಾಗ ನಾನು ಅದನ್ನು ಕೊಂಡದ್ದು ನಂಬಿಕೆಯಿಂದಲ್ಲ, ಅನುಮಾನದಿಂದ.

ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಅದು ಬಿಸಿಯೂ ಆಯಿತು, ಸಂಜೆಯೊಳಗೆ ಬ್ಯಾಟರಿಯೂ ಮುಗಿಯಿತು. ಗೆದ್ದೆನೆಂದು ಹಿಗ್ಗಿದೆ, ಸೋತ ಯಂತ್ರ ನನ್ನದೇ ಎಂಬುದು ಆಮೇಲೆ ಹೊಳೆಯಿತು. ಅಂದಿನಿಂದ ತಿದ್ದುಪಡಿ ಆರಂಭ. ಪರದೆಯ ಬೆಳಕು ತಗ್ಗಿಸಿದೆ, ಮರೆಯಲ್ಲಿ ಓಡುವ ಪ್ರೋಗ್ರಾಮುಗಳನ್ನು ನಿಲ್ಲಿಸಿದೆ, ಕೊನೆಗೆ ಪ್ರೊಸೆಸರಿನ ವೇಗಕ್ಕೇ ಕಡಿವಾಣ ಹಾಕಿದೆ. ಯಂತ್ರ ನಮ್ಮ ಮಸಾಲೆ ಕಡೆಯುವ ಕಲ್ಲಿನಷ್ಟು ತಣ್ಣಗಾಯಿತು. ವೇಗವೂ ಹೆಚ್ಚುಕಡಿಮೆ ಕಲ್ಲಿನದೇ. ಆದರೆ ಮಲಗುವ ಹೊತ್ತಿಗೂ ಬ್ಯಾಟರಿ ಉಳಿದಿರುತ್ತಿತ್ತು.

ಪಕ್ಕದಲ್ಲಿ ಉಳಿಯದೆ ಹೋದವಳು ಲಿಲ್ಲಿ, ನನ್ನ ಹೆಂಡತಿ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಯ ವಿಡಿಯೋ ನೋಡುತ್ತ, "ಅಯ್ಯೋ, ಬಂಗುಡೆಗೆ ಇಷ್ಟು ಹುಳಿಯಾ ಮಾರಾಯ್ತಿ!" ಎಂದು ಪರದೆಯೊಳಗಿನವಳನ್ನು ಅವಳು ಗದರುವುದು, ನಾನು ಪಕ್ಕದಲ್ಲಿ ಕುಳಿತು ತೀರ್ಪು ಕೊಡುವುದು ನಮ್ಮ ರೂಢಿ. ಆ ಮಳೆಗಾಲದಲ್ಲಿ ಅವಳು ನನ್ನನ್ನು ಬಿಟ್ಟು ಬಚ್ಚಲೊಲೆಯ ಮುಂದೆ ಕೂರತೊಡಗಿದಳು. ವಿಡಿಯೋ ನಿಧಾನವಾಯಿತೇ, ನನ್ನ ತೀರ್ಪುಗಳು ಹೆಚ್ಚಾದವೇ ಎಂದೆಲ್ಲ ಸಿದ್ಧಾಂತ ಕಟ್ಟಿ, ನಾನೇ ಖಂಡಿಸಿದೆ. ಪಕ್ಕದ ಖಾಲಿ ಕುರ್ಚಿಗೆ ಯಾವ ವಾದವೂ ಸಾಲಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ.

"ನಿಮ್ಮ ಡಬ್ಬಿ ತಣ್ಣಗಾಗಿದೆ ಅಲ್ವಾ?" ಎಂದಳು, ಮೊಣಕಾಲು ತಿಕ್ಕುತ್ತ. "ಮೊದಲು ಅದು ಮಡಿಲಲ್ಲಿದ್ರೆ ಗಂಟುನೋವಿಗೆ ಎಷ್ಟು ಹಿತ ಇತ್ತು! ಈಗ ಇಲ್ಲಿ ಒಲೆಯಾದ್ರೂ ಉಂಟು."

"ಮೊದಲೇ ಹೇಳ್ಬಾರದಾ?"

"ಹೇಗೆ ಹೇಳುದು? 'ಬ್ಯಾಟರಿ ಉಂಟು, ಇನ್ನೂ ಉಂಟು' ಅಂತ ನೀವು ಮಕ್ಕಳ ಹಾಗೆ ಕುಣೀತಿದ್ರಿ."

ಆ ಸಂಜೆಯೇ ಕಡಿವಾಣಗಳನ್ನೆಲ್ಲ ಬಿಚ್ಚಿದೆ. ಈಗ ಅವಳು ನೋಡುವ ವಿಡಿಯೋದ ಹಿಂದೆ ಇನ್ನೊಂದು ಭಾರದ ವಿಡಿಯೋವನ್ನು ಸದ್ದಿಲ್ಲದೆ ಓಡಿಸಿಡುತ್ತೇನೆ, ಒಲೆಗೆ ಕಟ್ಟಿಗೆ ದೂಡಿದ ಹಾಗೆ.

ಮೊನ್ನೆ ಕಾಪುವಿನಿಂದ ಬಂದ ಅವಳ ಅಣ್ಣ, ನನ್ನ ತಿದ್ದುಪಡಿಗಳ ಬಡಾಯಿಯನ್ನು ಫೋನಿನಲ್ಲೇ ಕೇಳಿದ್ದವನು, ಯಂತ್ರವನ್ನು ಚಾರ್ಜರಿಗೆ ಕಟ್ಟಿಹಾಕಿದ್ದನ್ನು ಕಂಡು ನಕ್ಕ. "ಎಂತ ಭಾವ, ಇಷ್ಟು ರಿಪೇರಿ ಮಾಡಿಯೂ ಸಂಜೆಗೇ ಖಾಲಿಯಾ?"

ನಾನು ಗಂಭೀರವಾಗಿ, "ಅಂಗಡಿಯವರು ಹೇಳಿದ್ದನ್ನೆಲ್ಲ ನಂಬ್ಲಿಕ್ಕುಂಟಾ?" ಎಂದೆ.

ಪಕ್ಕದ ಕುರ್ಚಿಯಿಂದ, ಪರದೆಯಿಂದ ಕಣ್ಣು ತೆಗೆಯದೆ, ಲಿಲ್ಲಿ ಹೇಳಿದಳು: "ಇವರು ಹೇಳಿದ್ದನ್ನೂ ನಂಬಬೇಡ ಅಣ್ಣಾ."