ಕಾಕಾನ ಮಣಿಮಹೇಶ ಯಾತ್ರೆ

ನಮ್ಮ ಕಾಕಾ ಶಿವನ ಜೊತೆಗೂ ಜಗಳ ಕಾಯಬಲ್ಲವರು. ಸುಳ್ಳಲ್ಲ! ಮರಾಠಿ ಗಡಿಯ ಮುರುಮ ಎಂಬ ಊರಿನ ಬಜಾರಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಇವರು ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅರ್ಧ ತಾಸು ಮಂತ್ರ, ಅರ್ಧ ತಾಸು ತಕರಾರು.

ಕಾಕಿಗೆ ಇದ್ದದ್ದು ಒಂದೇ ಆಸೆ. ಹಿಮಾಚಲದ ಮಣಿಮಹೇಶ ಸರೋವರವನ್ನು ಯಾರದೋ ಮೊಬೈಲಿನಲ್ಲಿ ನೋಡಿದ್ದರು. ಆಕಾಶಕ್ಕೆ ಹತ್ತಿದ ನೀರು, ಅದರ ಮೇಲೆ ಶಿವನ ಬೆಟ್ಟ.

"ಈ ವರ್ಷರ ಹೋಗೂಣೇನ್ರಿ?"

"ಸೋಯಾಬೀನ್ ಹಂಗಾಮ ಮುಗೀಲಿ."

ಹಂಗಾಮ ಮುಗಿಯುವಷ್ಟರಲ್ಲಿ ಅಲ್ಲಿ ಹಿಮ ಬಿದ್ದು ದಾರಿ ಮುಚ್ಚಿರುತ್ತಿತ್ತು. ಶಿವನೂ ಸೋಯಾಬೀನೂ ಒಟ್ಟಿಗೇ ಕರೆದರೆ ವ್ಯಾಪಾರಿ ಯಾರ ಕಡೆ ಹೋಗಬೇಕು? ಹನ್ನೊಂದು ವರ್ಷ ಹೀಗೇ ನಡೆಯಿತು. ಹೋದ ಚಳಿಗಾಲದಲ್ಲಿ ನಾಲ್ಕೇ ದಿನದ ಜ್ವರಕ್ಕೆ ಕಾಕಿ ಹೋಗಿಬಿಟ್ಟರು.

ಆಮೇಲೆ ಮೂರು ತಿಂಗಳು ಕಾಕಾ ಯಾರ ಜೊತೆಗೂ ಜಗಳವಾಡಲಿಲ್ಲ. ಮನೆಮಂದಿಗೆಲ್ಲ ಹೆದರಿಕೆ! ಮೇ ತಿಂಗಳ ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ಸ್ವೆಟರು, ಮಫ್ಲರು, ಮಂಕಿ ಟೋಪಿ ಹಾಕಿಕೊಂಡು ಗಾದಿಯ ಮೇಲೆ ಕೂತಿದ್ದಾರೆ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿದೆ.

"ಏನಿದು ಕಾಕಾ?"

"ಪ್ರಾಕ್ಟೀಸ್. ಮಣಿಮಹೇಶದಾಗ ಥಂಡಿ ಭಾಳ ಅಂತ."

"ಬಿಸಿಲಾಗ ಥಂಡಿ ಪ್ರಾಕ್ಟೀಸ್ ಹೆಂಗ ಆಗ್ತದ್ರಿ?"

"ಸ್ವೆಟರಿಂದು ಮಾಡ್ಲತ್ತೀನಿ, ಮಂಗ್ಯಾ! ಥಂಡಿ ಅಲ್ಲೇ ಸಿಗ್ತದ."

ಪಕ್ಕದ ಪೇಟೆ ಉಮರಗಾದ ಡಾಕ್ಟರು ಎದೆ ನೋಡಿ, "ಅಷ್ಟು ಎತ್ತರ ಬ್ಯಾಡ್ರಿ, ಉಸಿರು ಸಾಲೂದಿಲ್ಲ" ಅಂದರು.

"ಮನ್ಯಾಗ ಸಾಲ್ಲತ್ತದ ಅಂತ ಯಾರು ಹೇಳ್ಯಾರ ನಿಮಗ?"

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಆಗಸ್ಟಿನಲ್ಲಿ, ಸೋಯಾಬೀನು ಇನ್ನೂ ಹೊಲದಲ್ಲಿರುವಾಗಲೇ, ಕಾಕಾ ಹೊರಟರು; ಜೊತೆಗೆ ನಾನೂ.

ಬೆಟ್ಟ ಹತ್ತಲು ಕುದುರೆ ಮಾಡಿಕೊಂಡೆವು. ಅದೋ, ಪ್ರಪಾತದ ಅಂಚಿಗೇ ನಡೆಯುವ ಕುದುರೆ! ಕಾಕಾ ಕನ್ನಡ, ಮರಾಠಿ, ಹಿಂದಿ ಕಲಸಿ ಕುದುರೆಯವನನ್ನು ದಾರಿಯುದ್ದಕ್ಕೂ ಬೈದರು. ಅವನದು ಪ್ರತಿ ಸಲ ಒಂದೇ ಉತ್ತರ: "ಭೋಲೇನಾಥ್ ಕೀ ಜೈ!" ಜೈ ಅಂದಮೇಲೆ ಕಾಕಾ ಕೈಮುಗಿಯದೆ ಇರುವ ಹಾಗಿಲ್ಲ. ಕೈಮುಗಿಯಲು ಲಗಾಮು ಬಿಡಬೇಕು!

ಸರೋವರ ಚಿಕ್ಕದು. ನೀರು ಮಾತ್ರ ಬೆರಳು ಕತ್ತರಿಸುವಂಥದ್ದು. ದಂಡೆಯ ಕಲ್ಲಿನ ಮೇಲೆ ಆ ಬೆಟ್ಟಸೀಮೆಯ ಮುದುಕಿಯೊಬ್ಬಳು ಕೂತಿದ್ದಳು. ಮೊಣಕಾಲು ಬಾಗದೆ ನೀರಿನ ತನಕ ಇಳಿಯಲಾರಳು. ಕಾಕಿಗೆ ಒಂದು ದಿನವೂ ಒಂದು ಗ್ಲಾಸು ನೀರು ಕೊಟ್ಟವರಲ್ಲ ನಮ್ಮ ಕಾಕಾ. ತಂಬಿಗೆ ತುಂಬಿಕೊಂಡು ಹೋಗಿ ಆಕೆಯ ಪಾದಕ್ಕೆ ಸುರಿದರು, ತಲೆಗೆ ಚಿಮುಕಿಸಿದರು. ಮತ್ತೆ ಹೋಗಿ ತಂದರು. ಮೂರು ಸಲ.

ಮುದುಕಿ ಅವರ ತಲೆ ಸವರಿ, "ಮನೆಯಾಕೆ ಬಂದಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದಳು.

"ಆಗೇ ಗಯೀ" ಅಂದರು ಕಾಕಾ. ಮುಂದೆ ಹೋಗಿದ್ದಾಳೆ.

"ಅಯ್ಯೋ, ಬೇಗ ನಡಿ ಮಗಾ. ಈ ಚಳಿಯಲ್ಲಿ ಪಾಪ, ಎಷ್ಟು ಹೊತ್ತು ಕಾಯಬೇಕು ಅವಳು?"

ಕಾಕಾ ಒದ್ದೆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಕಲ್ಲಿನ ಮೇಲೆ ಕುಸಿದರು. ಮುದುಕಿ ಏನೂ ತಿಳಿಯದೆ ನನ್ನನ್ನು ನೋಡಿದಳು. ನಾನು ಹೋಗಿ ಕಾಕಾನ ಬೆನ್ನ ಮೇಲೆ ಕೈಯಿಟ್ಟೆ.

"ಭಾಳ ಕಾಯಿಸೀನಿ ತಮ್ಮಾ" ಅಂದರು, "ಭಾಳ ಕಾಯಿಸೀನಿ ಆಕೀಗಿ."